ಮನೆಯಂಗಳದ ಗೌಜಲಹಕ್ಕಿ ಮತ್ತು ಕಾಡಿನ ಕಾಯಿದೆ

ಬೇಟೆಯ ಹಕ್ಕಿಗಳೆಂದು ನಮ್ಮ ಹಿರಿಯರು ಎಣಿಸುತ್ತಿದ್ದ ಕೌಜುಗ, ಲಾವಕ್ಕಿ, ಕಾಡುಕೋಳಿಗಳಲ್ಲಿ ಯಾವುದನ್ನು ಇಂದು ಹಿತ್ತಿಲಲ್ಲಿ ಸಾಕಬಹುದು, ಯಾವುದನ್ನು ಸಾಕಲಾಗದು, ಸಾಕಬಹುದಾದುದಕ್ಕೆ ಯಾರ ಅಪ್ಪಣೆ ಬೇಕು ಎಂಬ ಪ್ರಶ್ನೆ ಹಕ್ಕಿಸಾಕಣೆಯಲ್ಲಿ ಆಸಕ್ತಿಯುಳ್ಳ ಅನೇಕರ ಮನಸ್ಸಿನಲ್ಲಿರುವುದುಂಟು. ಕೋಳಿ ಸಾಕುವವನನ್ನು ಯಾರೂ ತಡೆಯದಿರುವಾಗ, ಕೋಳಿಯ ವಂಶಕ್ಕೇ ಸೇರಿದ ಕೌಜುಗದ ಜೋಡಿಯೊಂದನ್ನು ಗೂಡಿನಲ್ಲಿಟ್ಟರೆ ಅಪರಾಧವೇಕಾಗಬೇಕೆಂದು ಕೇಳುವವರ ಶಂಕೆ ಸಹಜವಾದುದು. ಅದಕ್ಕೆ ಉತ್ತರವು ಕಾಯಿದೆಯ ಚರಿತ್ರೆಯಲ್ಲಿದೆ.

ಮೈಸೂರು ಸಂಸ್ಥಾನವು 1901ರಲ್ಲಿಯೇ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ರಕ್ಷಣೆಗಾಗಿ ನಿಬಂಧನೆಯೊಂದನ್ನು ಜಾರಿಗೆ ತಂದಿತ್ತು. ಬ್ರಿಟಿಷ್ ಇಂಡಿಯಾದಲ್ಲಿ 1912ರಲ್ಲಿ ಇಂಥದೇ ಕಾಯಿದೆಯೊಂದು ಬಂದಿತು. ಬೇಟೆ ನಿಲ್ಲಬೇಕೆಂಬುದು ಅವುಗಳ ಅಭಿಪ್ರಾಯವಾಗಿರಲಿಲ್ಲ. ಬೇಟೆಯು ಮಿತಿಯಲ್ಲಿರಬೇಕೆಂಬುದಷ್ಟೇ ಅವುಗಳ ಆಶಯ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವೂ ತನ್ನ ಮೊದಲ ರೂಪದಲ್ಲಿ ಈ ಸಂಪ್ರದಾಯವನ್ನು ಪೂರ್ತಿಯಾಗಿ ತೊರೆದಿರಲಿಲ್ಲ. ಹಿರಿಬೇಟೆ, ಕಿರುಬೇಟೆ ಎಂಬ ವಿಭಾಗಗಳು ಅದರ ಅನುಸೂಚಿಗಳಲ್ಲಿದ್ದವು. ಕಿರುಬೇಟೆಗೂ, ಬಲೆಯೊಡ್ಡಿ ಹಿಡಿಯುವುದಕ್ಕೂ ಪ್ರತ್ಯೇಕ ಪರವಾನಗಿಗಳು ದೊರೆಯುತ್ತಿದ್ದವು. 1991ರ ತಿದ್ದುಪಡಿಯು ಆ ಪರವಾನಗಿಗಳನ್ನೆಲ್ಲ ರದ್ದುಪಡಿಸಿತು. ಅಂದಿನಿಂದ ಬೇಟೆಯ ಹಕ್ಕಿ ಎಂಬ ವರ್ಗವೇ ನಮ್ಮ ಕಾಯಿದೆಯಲ್ಲಿ ಉಳಿಯಲಿಲ್ಲ. ಅನುಸೂಚಿಯಲ್ಲಿರುವ ಕಾಡುಹಕ್ಕಿ, ಅನುಸೂಚಿಗೆ ಸೇರದ ಸಾಕುಹಕ್ಕಿ ಎಂಬ ಎರಡೇ ಪಂಗಡಗಳು ಮನೆಯಲ್ಲಿ ಸಾಕುವವನಿಗೆ ಮುಖ್ಯವಾದುವು.

ಇಲ್ಲಿ ಬಹುಮಂದಿಗೆ ತಿಳಿಯದಿರುವ ಸೂಕ್ಷ್ಮವೊಂದಿದೆ. ಕಾಡಿನಿಂದ ಹಿಡಿದು ತರದೆ, ಮನೆಯ ಪಂಜರದಲ್ಲಿಯೇ ಮೊಟ್ಟೆಯೊಡೆದು ಹುಟ್ಟಿದ ಕೌಜುಗದ ಮರಿಗೆ ಕಾಯಿದೆಯ ಬಂಧನವಿಲ್ಲವೆಂದು ಅನೇಕರು ನಂಬಿರುತ್ತಾರೆ. ಆದರೆ ಅಧಿನಿಯಮದ ವ್ಯಾಖ್ಯೆಯಂತೆ, ಹಿಡಿದದ್ದಾಗಲಿ, ಇರಿಸಿಕೊಂಡದ್ದಾಗಲಿ, ಬಂಧನದಲ್ಲಿಯೇ ಹುಟ್ಟಿಸಿ ಬೆಳೆಸಿದ್ದಾಗಲಿ, ಅನುಸೂಚಿಗೆ ಸೇರಿದ ಪ್ರಾಣಿಯು ಬಂಧಿತ ವನ್ಯಪ್ರಾಣಿಯೇ ಸರಿ. ಮೊಟ್ಟೆಯೂ ಪ್ರಾಣಿ ಎಂಬುದರ ಅರ್ಥದೊಳಗೆ ಬರುತ್ತದೆ. ಕಾಡುಹಕ್ಕಿಯ ಮೊಟ್ಟೆಯನ್ನು ಕೆಡಿಸುವುದೂ, ಗೂಡನ್ನು ಕದಲಿಸುವುದೂ ಬೇಟೆಯೆಂದೇ ಪರಿಗಣಿತವಾಗುತ್ತದೆ. ಆದುದರಿಂದ ಪೊದೆಯೊಳಗಿನ ಕಾಡುಕೋಳಿಯ ಮೊಟ್ಟೆಗಳನ್ನು ಆಯ್ದು ತಂದು, ಕಾವಿಗೆ ಕುಳಿತ ಊರಕೋಳಿಯ ಕೆಳಗಿರಿಸಿ ಮರಿ ಮಾಡಿಸುವ ಕೆಲಸವು ಎಷ್ಟು ನಿರಪಾಯವೆಂದು ತೋರಿದರೂ ದಂಡನಾರ್ಹವಾದುದು. ಸಾಮಾನ್ಯ ಅಪರಾಧಕ್ಕೆ ಮೂರು ವರ್ಷಗಳವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಮೊದಲನೆಯ ಅನುಸೂಚಿಗೆ ಸೇರಿದ ನವಿಲಿನಂತಹ ಹಕ್ಕಿಯಾದರೆ ಮೂರರಿಂದ ಏಳು ವರ್ಷಗಳ ಸೆರೆವಾಸದೊಡನೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಈ ಕಾಠಿಣ್ಯವನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ಪಂಜರದಲ್ಲಿ ಹುಟ್ಟಿದ್ದೆಂಬ ನೆಪವನ್ನು ಕಾಯಿದೆಯು ಮನ್ನಿಸಿದ್ದರೆ, ಬಲೆಯಿಂದ ಬಿಡಿಸಿ ತಂದ ಪ್ರತಿಯೊಂದು ಕೌಜುಗಕ್ಕೂ ಸಂತೆಯಲ್ಲಿ ಆ ನೆಪವೇ ಜನ್ಮಪತ್ರಿಕೆಯಾಗುತ್ತಿತ್ತು.

ಹಾಗಾದರೆ ಪೇಟೆಯಲ್ಲಿ ಮಾರುವ ಚುಕ್ಕೆಮೊಟ್ಟೆಯ ಗೌಜಲಹಕ್ಕಿಯ ಗತಿಯೇನು? ಅದು ಜಪಾನಿ ಜಾತಿಯ ಲಾವಕ್ಕಿ. 1974ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಿಂದ ಉತ್ತರಪ್ರದೇಶದ ಇಜ್ಜತ್‌ನಗರಕ್ಕೆ ಬಂದು, ಅಲ್ಲಿಯ ಕುಕ್ಕುಟ ಸಂಶೋಧಕರ ಕೈಯಲ್ಲಿ ಬೆಳೆದು, ದೇಶದ ನಾನಾ ಭಾಗಗಳಿಗೆ ಹರಡಿತು. ಹದಿನೇಳು ಹದಿನೆಂಟು ದಿನಗಳ ಕಾವಿನಲ್ಲಿ ಮರಿ ಹೊರಬರುತ್ತದೆ. ಐದು ವಾರಗಳಲ್ಲಿ ಮಾರಾಟದ ತೂಕಕ್ಕೆ ಬೆಳೆಯುತ್ತದೆ. ಆರೇಳು ವಾರಗಳಿಗೆ ಹತ್ತು ಗ್ರಾಂ ತೂಕದ ಮೊಟ್ಟೆಯಿಡಲಾರಂಭಿಸುತ್ತದೆ. ತಲೆತಲಾಂತರದ ಪಂಜರವಾಸದಿಂದ ಕಾವು ಕೂರುವ ಸ್ವಭಾವವನ್ನೇ ಈ ಹಕ್ಕಿ ಬಹುಮಟ್ಟಿಗೆ ಕಳೆದುಕೊಂಡಿರುವುದರಿಂದ, ಮರಿ ಬೇಕೆಂದವನು ಕಾವುಪೆಟ್ಟಿಗೆಯನ್ನೇ ಆಶ್ರಯಿಸಬೇಕು. ಅಲ್ಪ ಸ್ಥಳ, ಅಲ್ಪ ಬಂಡವಾಳ, ಶೀಘ್ರ ಫಲ ಎಂಬ ಕಾರಣಗಳಿಂದ ಸಣ್ಣ ಹಿಡುವಳಿದಾರರೂ ಮನೆವಾರ್ತೆಯ ಹೆಂಗಸರೂ ಇದನ್ನು ಮೆಚ್ಚಿಕೊಂಡರು.

ಆದರೆ ಲಾವಕ್ಕಿಯ ಜಾತಿಗಳು ಅನುಸೂಚಿಯಲ್ಲಿ ಒಟ್ಟಾಗಿ ನಮೂದಾಗಿದ್ದುದರಿಂದ, ಜಪಾನಿ ಹಕ್ಕಿಯೂ ಆ ಹೆಸರಿನಡಿಯಲ್ಲಿ ಸಿಕ್ಕಿಬಿದ್ದಿತು. 2011ರಲ್ಲಿ ಕೇಂದ್ರದ ಪರಿಸರ ಮಂತ್ರಾಲಯವು ಹೊಸ ಸಾಕಣೆಗೆ ಅನುಮತಿ ನೀಡಬಾರದೆಂದು ರಾಜ್ಯಗಳಿಗೆ ಸೂಚಿಸಿತು. ಸರ್ಕಾರದ ಸಂಶೋಧನಾಲಯವೇ ಬೆಳೆಸಿ ಹಂಚಿದ ಹಕ್ಕಿಯನ್ನು ಸರ್ಕಾರದ ಇನ್ನೊಂದು ಶಾಖೆ ವನ್ಯಪ್ರಾಣಿಯೆಂದಿತು. ಗೂಡು ಕಟ್ಟಿಸಿ, ಸಾಲ ತಂದು, ಮರಿಗಳಿಗೆ ಹಣ ಕೊಟ್ಟವರು ಅನುಭವಿಸಿದ ಕಳವಳವು ಸಣ್ಣದಲ್ಲ. ಕೆಲಕಾಲದ ತರುವಾಯ ಆ ಪ್ರತಿಬಂಧವು ತೆರವಾಯಿತು. ಆದರೂ ಗೊಂದಲದ ನೆರಳು ಸಂಪೂರ್ಣವಾಗಿ ಸರಿದಿಲ್ಲ. ಏಕೆಂದರೆ ಚಳಿಗಾಲದಲ್ಲಿ ನಮ್ಮ ಹೊಲಗಳಿಗೆ ವಲಸೆ ಬರುವ ಬೂದು ಲಾವಕ್ಕಿಗೂ ಜಪಾನಿ ಗೌಜಲಕ್ಕೂ ರೂಪದಲ್ಲಿ ಅತಿ ನಿಕಟವಾದ ಹೋಲಿಕೆಯಿದೆ, ಎರಡೂ ಕೂಡಿ ಸಂತಾನ ಪಡೆಯಲೂ ಬಲ್ಲವು. ಮಳೆಗಾಲದ ಲಾವಕ್ಕಿಯ ಗಂಡಿಗಾದರೆ ಎದೆಯ ಮೇಲೆ ಕರಿಯ ಮಚ್ಚೆಯಿದ್ದು ಗುರುತು ಸುಲಭ. ಉಳಿದವುಗಳಲ್ಲಿ ಅನುಭವಸ್ಥರೂ ತಡವರಿಸುವರು. ಈ ಕಾರಣದಿಂದ ಮರಿಯನ್ನೋ ಮೊಟ್ಟೆಯನ್ನೋ ಕೊಂಡ ಮರಿಕೇಂದ್ರದ ರಸೀದಿಯನ್ನು, ಅದರಲ್ಲಿ ಜಾತಿಯ ಹೆಸರು, ಸಂಖ್ಯೆ, ದಿನಾಂಕಗಳನ್ನು ಬರೆಯಿಸಿಕೊಂಡು, ಜೋಪಾನವಾಗಿಡಬೇಕು. ಸಾಕಣೆ ಬೇಡವಾಯಿತೆಂದು ಹಕ್ಕಿಗಳನ್ನು ಬಯಲಿಗೆ ಹಾರಿಬಿಡುವುದು ಮಾತ್ರ ಎಂದಿಗೂ ಕೂಡದು. ಆ ದಯೆಯಿಂದ ಕಾಡಿನ ಲಾವಕ್ಕಿಯ ವಂಶವೇ ಕಲಬೆರಕೆಯಾದೀತು.

ಗಿನಿಕೋಳಿ, ಟರ್ಕಿಕೋಳಿಗಳಿಗೆ ಅರಣ್ಯ ಇಲಾಖೆಯ ಅಪ್ಪಣೆ ಬೇಕಿಲ್ಲ. ಪರದೇಶದ ಬಣ್ಣದ ಫೆಸೆಂಟ್‌ಗಳಲ್ಲಿ ಕೆಲವುಗಳ ವಿಷಯ ಹಾಗಲ್ಲ: ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಪಟ್ಟಿಗೆ ಸೇರಿದ ಜೀವಿಗಳನ್ನು 2022ರ ತಿದ್ದುಪಡಿಯು ನಾಲ್ಕನೆಯ ಅನುಸೂಚಿಯಲ್ಲಿರಿಸಿದೆ, ಅಂಥದೊಂದು ಕೈಸೇರಿದ ಮೂವತ್ತು ದಿನಗಳೊಳಗೆ ಕೇಂದ್ರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕೆಂದು 2024ರ ನಿಯಮಗಳು ವಿಧಿಸುತ್ತವೆ. ಕೊಳ್ಳುವ ಮೊದಲೇ ಜಾತಿಯ ವೈಜ್ಞಾನಿಕ ನಾಮವನ್ನು ಮಾರುವವನಿಂದ ಬರೆಯಿಸಿಕೊಳ್ಳುವುದು ಜಾಣತನ.

ಉಳಿದ ಕಟ್ಟಳೆಗಳು ಸಾಮಾನ್ಯ ಕೋಳಿಸಾಕಣೆಯವೇ. ಗೂಡು ಹಕ್ಕಿಯ ಚಲನೆಗೆ ಸಾಲುವಷ್ಟಿರಬೇಕೆಂದು 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಹೇಳುತ್ತದೆ. ಮೊಟ್ಟೆ ಮಾಂಸಗಳನ್ನು ಮಾರುವವನಿಗೆ ಆಹಾರ ಸುರಕ್ಷತೆಯ ನೋಂದಣಿ ಬೇಕು. ಗ್ರಾಮಪಂಚಾಯಿತಿ ಅಥವಾ ನಗರಸಭೆಯಲ್ಲಿ ಮೊದಲೇ ವಿಚಾರಿಸುವುದು ಲೇಸು. ರೋಗದ ವಿಷಯದಲ್ಲಿ ಮಾತ್ರ ಔದಾಸೀನ್ಯ ಸಲ್ಲದು. 2012ರಲ್ಲಿ ಬೆಂಗಳೂರಿನ ಹೆಸರಘಟ್ಟದಲ್ಲಿ ಟರ್ಕಿಕೋಳಿಗಳಿಗೆ ಹಕ್ಕಿಜ್ವರ ತಗುಲಿದ್ದನ್ನು ನಾವು ಕಂಡಿದ್ದೇವೆ. ಹಕ್ಕಿಗಳು ಒಮ್ಮೆಲೇ ಸಾಯತೊಡಗಿದರೆ ಹೂತು ಮರೆಮಾಡದೆ ಗ್ರಾಮಾಧಿಕಾರಿಗೋ ಗ್ರಾಮಪಂಚಾಯಿತಿಗೋ ತಿಳಿಸುವುದು ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆಗಾಗಿರುವ 2009ರ ಕಾಯಿದೆಯ ಪ್ರಕಾರ ಒಡೆಯನ ಕರ್ತವ್ಯ.

ಇಷ್ಟೆಲ್ಲ ವಿಧಿಗಳು ಬೇರೆ ಬೇರೆ ಇಲಾಖೆಗಳಲ್ಲಿ ಚದುರಿರುವುದು ಹಳ್ಳಿಯ ಸಾಕಣೆದಾರನಿಗೆ ದೊಡ್ಡ ತೊಡಕು. ಸಾಕಬಹುದಾದ ಮತ್ತು ಸಾಕಬಾರದ ಹಕ್ಕಿಗಳ ಚಿತ್ರಸಹಿತವಾದ ಕನ್ನಡ ಫಲಕವೊಂದು ಪ್ರತಿಯೊಂದು ಪಶುಚಿಕಿತ್ಸಾಲಯದ ಗೋಡೆಯ ಮೇಲಿರಬೇಕೆಂದು ನಾನು ಕಳಕಳಿಯಿಂದ ಬಯಸುತ್ತೇನೆ. ಆ ಫಲಕದಲ್ಲಿ, ಸುಗ್ಗಿಯ ಕಾಲದಲ್ಲಿ ಹೊಲದ ಬದುವಿನಿಂದ ಮಕ್ಕಳು ಮಡಿಲಲ್ಲಿ ತುಂಬಿಕೊಂಡು ತರುವ ಕೌಜುಗದ ಮರಿಗಳ ವಿಷಯಕ್ಕೂ ಎಡೆಯಿರಲಿ: ಅವು ಹುಟ್ಟಿದ ದಿನವೇ ಓಡಬಲ್ಲವು, ತಾಯಿ ಬಹುಶಃ ಹತ್ತಿರದ ಪೊದೆಯಲ್ಲೇ ಅಡಗಿರುತ್ತದೆ, ಆದುದರಿಂದ ಕಂಡ ಸ್ಥಳದಲ್ಲಿಯೇ ಮರಳಿ ಬಿಡಬೇಕು, ಗಾಯಗೊಂಡ ಹಕ್ಕಿ ಕೈಗೆ ಬಂದಿದ್ದರೆ ನಲವತ್ತೆಂಟು ಗಂಟೆಗಳೊಳಗೆ ವಲಯ ಅರಣ್ಯಾಧಿಕಾರಿಗೋ ಸಮೀಪದ ಪೊಲೀಸ್ ಠಾಣೆಗೋ ವರದಿ ಕೊಡಬೇಕು.