ವರ್ಣತಂತುವಿನ ವಿಪರ್ಯಯ

ಮಾನವನ ಜೀವಕೋಶದಲ್ಲಿ 46 ವರ್ಣತಂತುಗಳಿವೆಯೆಂಬುದು 1956ರಲ್ಲಿ ಖಚಿತವಾಯಿತು. ಇವುಗಳ 23 ಜೊತೆಗಳಲ್ಲಿ ಪ್ರತಿಯೊಂದರಲ್ಲಿಯೂ ಒಂದು ತಂತು ತಂದೆಯಿಂದಲೂ ಮತ್ತೊಂದು ತಾಯಿಯಿಂದಲೂ ಬಂದುದು. ವೀರ್ಯಾಣು ಅಥವಾ ಅಂಡಾಣು ರೂಪುಗೊಳ್ಳುವಾಗ ಈ ಜೊತೆಗಾರ ತಂತುಗಳು ಒಂದರ ಪಕ್ಕದಲ್ಲೊಂದು ಸೇರಿ, ಸರಿಸಮವಾದ ತುಂಡುಗಳನ್ನು ವಿನಿಮಯ ಮಾಡಿಕೊಳ್ಳುತ್ತವೆ. ಇದೇ ಪುನಸ್ಸಂಯೋಜನೆ. ಒಡಹುಟ್ಟಿದವರು ಒಬ್ಬರಂತೊಬ್ಬರು ಇರದಿರುವುದಕ್ಕೆ ಇದೂ ಒಂದು ಕಾರಣ.

ಕೆಲವೊಮ್ಮೆ ತಂತುವು ಎರಡು ಕಡೆ ತುಂಡಾಗಿ, ನಡುವಣ ಭಾಗ ಹಿಂದುಮುಂದಾಗಿ ತಿರುಗಿ ಮತ್ತೆ ಬೆಸೆದುಕೊಳ್ಳುವುದುಂಟು. ಇದಕ್ಕೆ ವಿಪರ್ಯಯವೆಂದು ಹೆಸರು. ಹಣ್ಣಿನ ನೊಣದಲ್ಲಿ ಇಂತಹದೊಂದನ್ನು ಸ್ಟರ್ಟಿವಂಟ್ 1921ರಲ್ಲಿ ಗುರುತಿಸಿದನು. ಜೀನುಗಳ ಕ್ರಮ ಬದಲಾದರೂ ಸಾಮಾನ್ಯವಾಗಿ ಯಾವುದೂ ನಷ್ಟವಾಗಿರುವುದಿಲ್ಲ; ಆದುದರಿಂದ ಇದನ್ನು ಹೊತ್ತವರು ಬಹುಮಟ್ಟಿಗೆ ಆರೋಗ್ಯವಂತರೇ. ಹಾಗಾದರೆ ತೊಡಕೆಲ್ಲಿ? ಮುಂದಿನ ಪೀಳಿಗೆಯಲ್ಲಿ.

ಸಹಜ ತಂತುವಿನ ಭಾಗಗಳನ್ನು ಕ-ಖ-ಗ-ಘ-ಚ-ಛ ಎಂದು ಕರೆಯೋಣ. ತಂತುವಿನ ನಡುಗಂಟು ಗ, ಘ ಇವುಗಳ ನಡುವೆ ಇರಲಿ. ವಿಪರ್ಯಯ ಹೊಂದಿದ ತಂತು ಕ-ಚ-ಘ-ಗ-ಖ-ಛ ಆಗುತ್ತದೆ. ಸಮಾನ ಭಾಗಗಳು ಎದುರುಬದುರಾಗಬೇಕಾದರೆ ಒಂದು ತಂತು ಕುಣಿಕೆಯಂತೆ ಸುತ್ತಿಕೊಳ್ಳಲೇಬೇಕು. ಆ ಕುಣಿಕೆಯೊಳಗೆ, ಖ ಮತ್ತು ಗ ಇವುಗಳ ನಡುವೆ, ಒಮ್ಮೆ ವಿನಿಮಯ ನಡೆಯಿತೆನ್ನಿ. ಆಗ ದೊರೆಯುವ ನಾಲ್ಕು ತಂತುಗಳಲ್ಲಿ ಎರಡು ಮೊದಲಿನಂತೆಯೇ ಇರುತ್ತವೆ. ಉಳಿದೆರಡು ಕ-ಖ-ಗ-ಘ-ಚ-ಕ ಮತ್ತು ಛ-ಖ-ಗ-ಘ-ಚ-ಛ. ಮೊದಲನೆಯದರಲ್ಲಿ ಕ ಎರಡಾಗಿ ಛ ಇಲ್ಲವಾಗಿದೆ. ಎರಡನೆಯದರಲ್ಲಿ ಇದಕ್ಕೆ ವಿರುದ್ಧ. ಓದುಗರು ಕಾಗದದ ಮೇಲೆ ಬರೆದು ನೋಡಿದರೆ ಇದು ಮನದಟ್ಟಾಗುವುದು.

ಇದನ್ನು ಪ್ರಯೋಗದಿಂದ ಅಳೆಯುವ ಬಗೆ ಸರಳವೂ ಸುಂದರವೂ ಆಗಿದೆ. ತಂತುವಿನ ಒಂದು ತುದಿಗೆ ಕೆಂಪು, ಇನ್ನೊಂದು ತುದಿಗೆ ಹಸಿರು ಬೆಳಕನ್ನು ಸೂಸುವ ಅಣುಗಳನ್ನು ಅಂಟಿಸಿ, ವೀರ್ಯಾಣುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಒಂದು ಕೆಂಪು, ಒಂದು ಹಸಿರು ಕಂಡರೆ ಸಮತೋಲ ಸರಿಯಾಗಿದೆ. ಎರಡು ಕೆಂಪು ಅಥವಾ ಎರಡು ಹಸಿರೇ ಕಂಡರೆ ಅದು ಪುನಸ್ಸಂಯೋಜಿತ ತಂತು. ತಿರುಗಿದ ಭಾಗ ಚಿಕ್ಕದಾಗಿದ್ದರೆ ಇಂತಹವು ವಿರಳ, ದೊಡ್ಡದಾದಷ್ಟೂ ಹೆಚ್ಚು.

ಅಮೆರಿಕದ ಕೊಲರಾಡೊ ಪ್ರಾಂತದ ಸ್ಯಾನ್ ಲೂಯಿಸ್ ಕಣಿವೆಯ ಸ್ಪ್ಯಾನಿಷ್ ಮೂಲದ ಕೆಲವು ಕುಟುಂಬಗಳಲ್ಲಿ 8ನೆಯ ವರ್ಣತಂತುವಿನ ದೊಡ್ಡದೊಂದು ವಿಪರ್ಯಯ ತಲೆತಲಾಂತರದಿಂದ ಹರಿದುಬಂದಿದೆ. ಅದನ್ನು ಹೊತ್ತವರಿಗೆ ಯಾವ ಬಾಧೆಯೂ ಇಲ್ಲ. ಆದರೆ ಅವರಿಗೆ ಅಸಮತೋಲದ ತಂತುವುಳ್ಳ ಮಗು ಜನಿಸುವ ಸಂಭವ ನೂರಕ್ಕೆ ಸುಮಾರು 6. ಅಂತಹ ಮಕ್ಕಳಲ್ಲಿ ಹೃದಯದ ದೋಷಗಳೂ ಬುದ್ಧಿಯ ಬೆಳವಣಿಗೆಯ ಕುಂದೂ ಕಂಡುಬರುತ್ತವೆ.

ಇಲ್ಲಿ ಗಣಿತವು ಮನೆಯೊಳಕ್ಕೆ ಕಾಲಿಡುತ್ತದೆ. ಅಂಕಿಯನ್ನು ತಿಳಿದ ದಂಪತಿಗಳು ಪರೀಕ್ಷೆಗೆ ಒಳಗಾಗಬಹುದು, ಮುಂದಿನ ಹೆಜ್ಜೆಯನ್ನು ಯೋಚಿಸಿ ಇಡಬಹುದು. ಮಗುವಿನ ರೋಗಕ್ಕೆ ತಾಯಿಯನ್ನೋ ತಂದೆಯನ್ನೋ ಹಳಿಯುವುದು ಎಷ್ಟು ಅರ್ಥಹೀನವೆಂಬುದನ್ನೂ ಆ ಪುಟ್ಟ ಕುಣಿಕೆಯು ನಮಗೆ ತೋರಿಸಿಕೊಡುತ್ತದೆ.