ಮೂಲೆಗೆ ಬಿದ್ದ ಗಣಕಯಂತ್ರ

ಮೈಸೂರಿನ ನಮ್ಮ ವಿಜಯನಗರದಲ್ಲಿ ನಿವೃತ್ತರ ಮನೆಗಳು ಹೆಚ್ಚು. ಮಕ್ಕಳು ಉದ್ಯೋಗನಿಮಿತ್ತವಾಗಿ ಪರಸ್ಥಳಕ್ಕೆ ತೆರಳುವಾಗ ಬಿಟ್ಟುಹೋದ ಕಂಪ್ಯೂಟರೊಂದು ಹಳೆಯ ಪಂಚೆಯ ತುಂಡನ್ನು ಹೊದ್ದು ಮೂಲೆ ಸೇರಿರುವುದನ್ನು ಅನೇಕ ಕಡೆ ಕಂಡಿರುವೆವು. ಯಜಮಾನರನ್ನು ಕೇಳಿದರೆ, "ಹಳೆಯದಾಯಿತು ಸ್ವಾಮಿ, ಇನ್ನು ನಡೆಯುವುದಿಲ್ಲವಂತೆ" ಎಂಬ ಉತ್ತರ ಬರುವುದು. ನಡೆಯುವುದಿಲ್ಲವೆಂದವರು ಯಾರು, ಏತಕ್ಕೆ ನಡೆಯದು ಎಂದು ವಿಚಾರಿಸಿದವರು ವಿರಳ. ಅದನ್ನು ಗುಜರಿಯವನ ಕೈಗೆ ಕೊಡುವ ಮುನ್ನ ವಾಚಕ ಮಹಾಶಯರು ಸ್ವಲ್ಪ ತಾಳಬೇಕೆಂಬುದು ನಮ್ಮ ಕೋರಿಕೆ.

ಸಂಗತಿಯೇನೆಂದರೆ, ಈ ಯಂತ್ರಗಳ ಪೈಕಿ ಬಹುಪಾಲನ್ನು ನಡೆಸುತ್ತಿದ್ದುದು ಮೈಕ್ರೋಸಾಫ್ಟ್ ಕಂಪೆನಿಯ ವಿಂಡೋಸ್ 10 ಎಂಬ ಕಾರ್ಯವ್ಯವಸ್ಥೆ. 2015ರಲ್ಲಿ ಹೊರಬಂದ ಇದಕ್ಕೆ ಕಂಪೆನಿಯು 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅಂದು ಯಾವ ಯಂತ್ರವೂ ಕೆಟ್ಟುಹೋಗಲಿಲ್ಲ. ಹೊಸದಾಗಿ ಕಂಡುಬರುವ ಕಳ್ಳಗಂಡಿಗಳನ್ನು ಮುಚ್ಚತಕ್ಕ ತಿದ್ದುಪಡಿಗಳು ಎಂದಿನಂತೆ ಬರುವುದು ಮಾತ್ರ ನಿಂತಿತು. ಹಾಗಾದರೆ ವಿಂಡೋಸ್ 11ನ್ನು ಹಾಕಿಕೊಳ್ಳಬಾರದೆ ಎಂದರೆ, ಅದು ಇಂಟೆಲ್ ಪ್ರೊಸೆಸರುಗಳಲ್ಲಿ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯಿಂದ ಈಚಿನವನ್ನೂ, ಟಿಪಿಎಂ 2.0 ಎಂಬ ರಕ್ಷಣಾಂಗವನ್ನೂ ಬಯಸುವುದು. 2016ರಲ್ಲಿ ಕೊಂಡ ಯಂತ್ರವು ಎಷ್ಟೇ ಚುರುಕಾಗಿದ್ದರೂ ಈ ಬಾಗಿಲಿನಿಂದಾಚೆಗೆ ಉಳಿಯುವುದು. ಬಾವಿಯಲ್ಲಿ ನೀರಿದ್ದರೂ ರಾಟೆಯು ಹೊಸ ಅಳತೆಯದಲ್ಲವೆಂದು ಬಾವಿಯನ್ನೆ ಮುಚ್ಚುವ ವ್ಯವಹಾರ ಇದು.

ಇನ್ನೊಂದು ದಾರಿಯುಂಟು. 1983ರಲ್ಲಿ ಅಮೆರಿಕೆಯ ರಿಚರ್ಡ್ ಸ್ಟಾಲ್‌ಮನ್ ಎಂಬವರು ಯಾರು ಬೇಕಾದರೂ ಬಳಸಿ, ನೋಡಿ, ತಿದ್ದಿ, ಹಂಚಬಹುದಾದ ಕಾರ್ಯವ್ಯವಸ್ಥೆಯೊಂದನ್ನು ಕಟ್ಟುವುದಾಗಿ ಸಾರಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ ಅದಕ್ಕೆ ಹೊಂದುವಂತಹ ತಿರುಳನ್ನು ಬರೆದರು. ಇವೆರಡರ ಕೂಡಿಕೆಯೆ ಜನರು ಲಿನಕ್ಸ್ ಎಂದು ಕರೆಯುವ ವ್ಯವಸ್ಥೆ. ಇದನ್ನು ಕನ್ನಡದಲ್ಲಿ 'ಉಚಿತ' ಎನ್ನುವವರುಂಟು. ಸಂಸ್ಕೃತದಲ್ಲಿ ಉಚಿತವೆಂದರೆ ಯೋಗ್ಯವಾದುದು. ಬಿಟ್ಟಿ ಎಂಬ ಅರ್ಥ ಕನ್ನಡದಲ್ಲಿ ಬಂದುದು. ಈ ತಂತ್ರಾಂಶಕ್ಕೆ ಎರಡರ್ಥವೂ ಒಪ್ಪುವುದಾದರೂ 'ಮುಕ್ತ' ಎಂಬುದೆ ಸರಿಯಾದ ಹೆಸರು. ಹಣ ಕೊಡಬೇಕಾಗಿಲ್ಲವೆಂಬುದು ಇಲ್ಲಿ ಗೌಣ. ಇಂತಹ ದಿನದಿಂದ ನಿಮಗೆ ಈ ಗ್ರಂಥ ಇಲ್ಲವೆಂದು ಹೇಳುವ ಅಧಿಕಾರ ಯಾರೊಬ್ಬರ ಕೈಯಲ್ಲಿಯೂ ಇಲ್ಲವೆಂಬುದು ಮುಖ್ಯ.

ಇದು ಇಂಜಿನಿಯರುಗಳಿಗೆ ಮಾತ್ರ ಸಲ್ಲತಕ್ಕ ವಿದ್ಯೆಯೆಂಬ ಭಯ ಬೇಡ. ನಮ್ಮ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳ ಉಪಾಧ್ಯಾಯರಿಗೆ 2011ರಿಂದ ಈಚೆಗೆ 'ವಿಷಯ ಶಿಕ್ಷಕರ ವೇದಿಕೆ' ಎಂಬ ಕಾರ್ಯಕ್ರಮದಲ್ಲಿ ಲಿನಕ್ಸಿನ ಒಂದು ಬಗೆಯಾದ ಉಬುಂಟುವಿನ ಮೇಲೆಯೆ ಶಿಕ್ಷಣ ಕೊಡಲಾಯಿತು. ಗಣಿತದ ಮೇಷ್ಟರುಗಳು ಜಿಯೋಜೆಬ್ರದಲ್ಲಿ ವೃತ್ತ ತ್ರಿಕೋನಗಳನ್ನು ಎಳೆದು ತೋರಿಸುವುದನ್ನು ಕಲಿತರು. ಡೆಬಿಯನ್ ಎಂಬ ಮತ್ತೊಂದು ಬಗೆಯನ್ನು ಸ್ಥಾಪಿಸುವಾಗ ಕಾಣುವ ಸೂಚನೆಗಳನ್ನು ಸ್ವಯಂಸೇವಕರು ಕನ್ನಡಕ್ಕೆ ತಂದಿದ್ದು, 2011ರ ಆವೃತ್ತಿಯಿಂದಲೆ ಕನ್ನಡವು ಅಲ್ಲಿ ಸೇರಿದೆ. ಕನ್ನಡ ಬರೆಯುವುದಕ್ಕೂ ಅಡ್ಡಿಯಿಲ್ಲ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, 'ನುಡಿ'ಯಲ್ಲಿ ಕೈಗೆ ರೂಢಿಯಾದ ಕೀಲಿಮಣೆಯು ಇಲ್ಲಿಯೂ ಕೆಜಿಪಿ ಎಂಬ ಹೆಸರಿನಿಂದ ದೊರೆಯುವುದು.

ಹಳೆಯ ಯಂತ್ರಕ್ಕೆ ನಾವು ಸೂಚಿಸುವುದು ಲಿನಕ್ಸ್ ಮಿಂಟ್ ಎಂಬುದರ ಎಕ್ಸ್‌ಎಫ್‌ಸಿಇ ಆವೃತ್ತಿ. ತೆರೆಯ ಮೇಲಿನ ನೋಟವು ವಿಂಡೋಸನ್ನೆ ಹೋಲುವುದರಿಂದ ಕೈ ತಡವರಿಸದು. ಎರಡು ಜಿಬಿ ಸ್ಮರಣೆಯಲ್ಲಿ ಏಳುವುದು, ನಾಲ್ಕು ಇದ್ದರೆ ನೆಮ್ಮದಿಯಾಗಿ ನಡೆಯುವುದು; ಡಿಸ್ಕಿನಲ್ಲಿ 20 ಜಿಬಿ ಸ್ಥಳ ಬೇಕು. ಅದರ 22ನೆಯ ಆವೃತ್ತಿಗೆ 2029ರವರೆಗೆ ತಿದ್ದುಪಡಿಗಳು ಬರುವುವು. ಯಂತ್ರವು 32 ಬಿಟ್ಟಿನಷ್ಟು ಪುರಾತನವಾಗಿದ್ದರೆ ಇದು ಆಗದು. ಡೆಬಿಯನ್ ಸಹ 2025ರ ಆಗಸ್ಟಿನಲ್ಲಿ ಬಂದ 13ನೆಯ ಆವೃತ್ತಿಯಿಂದ ಅಂತಹವುಗಳಿಗೆ ಸ್ಥಾಪನಾ ಸಾಧನವನ್ನು ಕೊಡುವುದನ್ನು ಬಿಟ್ಟಿದೆ.

ಕೊಳ್ಳುವ ಮೊದಲು ಸೀರೆಯನ್ನು ಬೆಳಕಿಗೆ ಹಿಡಿದು ನೋಡುವಂತೆ ಇದನ್ನೂ ಮೊದಲೆ ಪರೀಕ್ಷಿಸಬಹುದು. ಬೇರೊಂದು ಕಂಪ್ಯೂಟರಿನಲ್ಲಿ ಮಿಂಟಿನ ಕಡತವನ್ನು ಇಳಿಸಿಕೊಂಡು, ರೂಫಸ್ ಎಂಬ ಸಾಧನದಿಂದ 8 ಜಿಬಿಯ ಪೆನ್‌ಡ್ರೈವಿಗೆ ಬರೆಯತಕ್ಕದ್ದು. ಆ ಪೆನ್‌ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಯುವುದೆಂಬುದು ನೆನಪಿರಲಿ. ಬಳಿಕ ಹಳೆಯ ಯಂತ್ರಕ್ಕೆ ಸಿಕ್ಕಿಸಿ, ಅದು ಏಳುವಾಗಲೆ ಎಫ್2, ಎಫ್12 ಅಥವಾ ಎಸ್ಕೇಪ್ ಕೀಲಿಯನ್ನು ಒತ್ತಿ (ತಯಾರಕರಿಗೆ ತಕ್ಕಂತೆ ಇದು ಬೇರೆ ಬೇರೆ), ಪೆನ್‌ಡ್ರೈವಿನಿಂದ ಏಳುವಂತೆ ಮಾಡಬೇಕು. ಡಿಸ್ಕಿನ ಮೇಲೆ ಏನನ್ನೂ ಬರೆಯದೆಯೆ ಇಡೀ ವ್ಯವಸ್ಥೆ ತೆರೆದುಕೊಳ್ಳುವುದು. ವೈಫೈ ಹತ್ತಿತೆ, ಸದ್ದು ಕೇಳಿತೆ, ಪ್ರಿಂಟರು ಕಾಗದ ಎಳೆಯಿತೆ ಎಂದು ಸಂಜೆಯೊಂದನ್ನು ಕಳೆದು ನೋಡಿರಿ. ಈ ಸ್ಥಿತಿಯಲ್ಲಿ ವೇಗ ಕಡಮೆ. ಅದು ಪೆನ್‌ಡ್ರೈವಿನ ದೋಷವೆ ಹೊರತು ಲಿನಕ್ಸಿನದಲ್ಲ. ಒಗ್ಗದಿದ್ದರೆ ಪೆನ್‌ಡ್ರೈವನ್ನು ಕಿತ್ತರಾಯಿತು, ವಿಂಡೋಸು ಇದ್ದಂತೆಯೆ ಇರುವುದು.

ಅಪಾಯವಿರುವುದು ಮುಂದಿನ ಹೆಜ್ಜೆಯಲ್ಲಿ. ನಮ್ಮ ಹಿಂದಿನ ಬೀದಿಯ ವೃದ್ಧರೊಬ್ಬರು ತಮ್ಮ ತಂದೆಯವರ ಗಮಕವ್ಯಾಖ್ಯಾನಗಳನ್ನು ಆರು ವರ್ಷಗಳ ಕಾಲ ಬೆರಳಚ್ಚು ಮಾಡಿ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದರು. ಉಪಕಾರಬುದ್ಧಿಯಿಂದ ಬಂದ ತರುಣನೊಬ್ಬ ಸ್ಥಾಪನೆಯ ಮಧ್ಯದಲ್ಲಿ 'ಡಿಸ್ಕನ್ನು ಅಳಿಸಿ ಸ್ಥಾಪಿಸು' ಎಂಬುದನ್ನು ಒತ್ತಿದ. ಅರ್ಧ ಗಂಟೆಯಲ್ಲಿ ಯಂತ್ರವು ಹೊಸ ವಧುವಿನಂತೆ ಸಿದ್ಧವಾಯಿತು, ವ್ಯಾಖ್ಯಾನಗಳು ಹೋದುವು. ಮಗಳಿಗೆ ಎಂದೋ ಅಂಚೆಯಲ್ಲಿ ಕಳುಹಿಸಿದ್ದ ಅಚ್ಚುಪ್ರತಿಯ ನಲವತ್ತು ಪುಟಗಳಷ್ಟೆ ಉಳಿದುವು. ಮೂಲದ ನೋಟುಪುಸ್ತಕಗಳು ಗೆದ್ದಲಿಗೆ ಹಿಂದೆಯೆ ಆಹುತಿಯಾಗಿದ್ದುವು. ಆದುದರಿಂದ ಕಡತಗಳನ್ನು ಎರಡು ಬೇರೆ ಬೇರೆ ಸಾಧನಗಳಿಗೆ ನಕಲು ಮಾಡಿ, ಆ ನಕಲುಗಳನ್ನು ಇನ್ನೊಂದು ಯಂತ್ರದಲ್ಲಿ ತೆರೆದು ನೋಡಿದ ಮೇಲೆಯೆ ಆ ಗುಂಡಿಯ ಹತ್ತಿರ ಹೋಗತಕ್ಕದ್ದು.

ತೆರೆದು ನೋಡಿರೆಂದು ಒತ್ತಿ ಹೇಳುವುದಕ್ಕೆ ಕಾರಣವುಂಟು. ನಮ್ಮ ಊರಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರಿನ ಕಡೆಯ ಪಂಡಿತರೊಬ್ಬರು ಕೊಟ್ಟ ತಾಳೆಗರಿಯ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಪ್ರಕಟಿಸಿದರು. ಗರಿಯು ಉಳಿದಿದ್ದರೆ ಸಾಲದು. ಗ್ರಂಥಲಿಪಿಯನ್ನು ಓದಬಲ್ಲವರೂ ಇದ್ದುದರಿಂದ ಅದು ಲೋಕಕ್ಕೆ ಸಿಕ್ಕಿತು. ನುಡಿ, ಬರಹಗಳ ಹಳೆಯ ಅಕ್ಷರರೂಪಗಳಲ್ಲಿ ಟೈಪು ಮಾಡಿದ ಕಡತಗಳ ಅವಸ್ಥೆಯೂ ಹೀಗೆಯೆ. ಆ ಫಾಂಟುಗಳಿಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುವುವು. ವಿಂಡೋಸ್ ಇರುವಾಗಲೆ ಆ ಫಾಂಟುಗಳನ್ನೂ ಕಡತಗಳ ಜೊತೆಯಲ್ಲಿ ನಕಲು ಮಾಡಿಕೊಂಡರೆ, ಲಿನಕ್ಸಿನಲ್ಲಿ ಅವನ್ನು ಸ್ಥಾಪಿಸಿ ಲಿಬ್ರೆಆಫೀಸಿನಲ್ಲಿ ಓದಬಹುದು. ಬಿಡುವಾದಾಗ ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಇನ್ನೂ ಲೇಸು.

ಎಲ್ಲರಿಗೂ ಇದು ಹೊಂದುವುದೆಂದು ನಾವು ಹೇಳಲಾರೆವು. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ವರ್ತಕರು ವಿಂಡೋಸಿನಲ್ಲಿಯೆ ಇರುವುದು ಲೇಸು. ಕೆಲವು ಪ್ರಿಂಟರುಗಳು ಲಿನಕ್ಸಿನೊಡನೆ ಮಾತೆ ಆಡುವುದಿಲ್ಲ. ಪತ್ರ ಬರೆಯುವುದು, ಪತ್ರಿಕೆ ಓದುವುದು, ಮೊಮ್ಮಕ್ಕಳ ಮುಖ ನೋಡಿ ಮಾತನಾಡುವುದು, ಸಂಗೀತ ಕೇಳುವುದು, ಇಷ್ಟೆ ಆಗಬೇಕಾದವರಿಗೆ ಕೊರತೆಯೇನೂ ಕಾಣದು. ಯಂತ್ರವು ಆಮೇಲೂ ಮಂದವೆನಿಸಿದರೆ, ತಿರುಗುವ ಹಾರ್ಡ್‌ಡಿಸ್ಕನ್ನು ತೆಗೆಯಿಸಿ ಎಸ್‌ಎಸ್‌ಡಿಯನ್ನು ಹಾಕಿಸುವುದಕ್ಕೆ ಹೊಸ ಕಂಪ್ಯೂಟರಿನ ಬೆಲೆಯಲ್ಲಿ ಸಣ್ಣ ಪಾಲು ಸಾಕು. ತೆಗೆದ ಹಳೆಯ ಡಿಸ್ಕನ್ನು ಮಾತ್ರ ಅಂಗಡಿಯಲ್ಲಿ ಬಿಟ್ಟುಬರದೆ ಮನೆಗೆ ತಂದು, ಮೇಲೆ ತಾರೀಖು ಬರೆದು, ಬೀರುವಿನಲ್ಲಿ ಇಡಿರಿ.