ತಿಂಡಿ ಆಯ್ತಾ ಎಂಬಲ್ಲಿಂದ ಶುರುವಾಗುವ ಶನಿವಾರ

ಆನ್‌ಲೈನ್ ಮಾತುಕತೆಯ ಬಗ್ಗೆ ಚರ್ಚೆ ನಡೆದಾಗಲೆಲ್ಲ ಸುಳ್ಳುಸುದ್ದಿ, ರಾಜಕೀಯ ಜಗಳ, ಬೆಳಕು ಹರಿಯುವ ಮೊದಲೇ ಬಂದು ಬೀಳುವ ಶುಭೋದಯದ ಚಿತ್ರಗಳು ಇವೇ ಮುಂದೆ ಬರುತ್ತವೆ. ಗೆಳೆಯರ ಸಣ್ಣ ಗುಂಪುಗಳಲ್ಲಿ ದಿನವಿಡೀ ಹರಿಯುವ ಮಾತು ಬೇರೆಯದೇ ಬಗೆಯದು: ತಿಂಡಿಗೆ ಏನು ಮಾಡಿದ್ದು, ಬಟ್ಟೆ ಒಗೆದದ್ದಾಯಿತೇ, ಸಿಲಿಂಡರ್ ಬಂತೇ, ಭಾನುವಾರ ಎಲ್ಲಿಗಾದರೂ ಹೋಗೋಣವೇ. ಇದರಲ್ಲಿ ಸುದ್ದಿಯೆನ್ನುವಂಥದ್ದು ಇಲ್ಲ, ನಾಳೆಗೆ ನೆನಪಿಡಬೇಕಾದದ್ದೂ ಇಲ್ಲ ಎಂಬ ಕಾರಣಕ್ಕೆ ಇದನ್ನು ಹೊತ್ತು ಕಳೆಯುವ ಹರಟೆಯೆಂದು ಬದಿಗೆ ಸರಿಸುವುದು ವಾಡಿಕೆ. ಆದರೆ ಸುದ್ದಿಯಿಲ್ಲದ ಮಾತನ್ನು ಮನುಷ್ಯರು ಇಷ್ಟು ಶ್ರದ್ಧೆಯಿಂದ, ದಿನ ತಪ್ಪದೆ, ವರ್ಷಗಟ್ಟಲೆ ಏಕೆ ಆಡುತ್ತಾರೆ ಎಂಬ ಪ್ರಶ್ನೆಯನ್ನು ಮಾನವಶಾಸ್ತ್ರಜ್ಞರೂ ಭಾಷಾವಿಜ್ಞಾನಿಗಳೂ ನೂರು ವರ್ಷಗಳಿಂದ ಕೇಳುತ್ತ ಬಂದಿದ್ದಾರೆ, ಅವರ ಉತ್ತರ ಬಹುಮಟ್ಟಿಗೆ ಹರಟೆಯ ಪರವಾಗಿಯೇ ಇದೆ.

ಮೊದಲ ಮಹಾಯುದ್ಧದ ವರ್ಷಗಳಲ್ಲಿ ನ್ಯೂಗಿನಿಯ ಸಮೀಪದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ನೆಲೆಸಿ ಅಲ್ಲಿನ ಜನಜೀವನವನ್ನು ಅಭ್ಯಸಿಸಿದ ಪೋಲಿಷ್ ಮೂಲದ ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಲಿನೋವ್‌ಸ್ಕಿ, 1923ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಇಂಥ ಮಾತಿಗೆ ‘ಫ್ಯಾಟಿಕ್ ಕಮ್ಯೂನಿಯನ್’ ಎಂಬ ಹೆಸರು ಕೊಟ್ಟರು. ವಿಚಾರವನ್ನು ತಿಳಿಸುವುದಕ್ಕಲ್ಲದೆ, ಆಡುವವರ ನಡುವಿನ ನಂಟನ್ನು ಉಳಿಸಿಕೊಳ್ಳುವುದಕ್ಕಷ್ಟೇ ಆಡುವ ಮಾತು ಎಂಬುದು ಅದರ ತಾತ್ಪರ್ಯ. ಆರೋಗ್ಯ ವಿಚಾರಿಸುವುದು, ಮಳೆಬಿಸಿಲಿನ ಬಗ್ಗೆ ಎರಡು ಮಾತಾಡುವುದು, ಕಣ್ಣೆದುರಿಗೆ ಇರುವುದನ್ನೇ ಬಾಯಲ್ಲಿ ಹೇಳುವುದು ಎಲ್ಲವೂ ಇದರಲ್ಲಿ ಸೇರುತ್ತವೆ. ಕನ್ನಡಿಗರು ಎದುರಾದವರನ್ನು ‘ಊಟ ಆಯ್ತಾ’ ಎಂದು ಕೇಳುವುದು ಇದಕ್ಕೆ ಹೇಳಿ ಮಾಡಿಸಿದ ಉದಾಹರಣೆಯಂತೆ ಕಂಡರೂ, ಗೆಳೆಯರ ನಡುವೆ ಈ ವಿವರಣೆ ಪೂರ್ತಿ ಒಗ್ಗುವುದಿಲ್ಲವೆಂದೇ ಹೇಳಬೇಕು. ನೆರೆಮನೆಯವರು ಕೇಳಿದಾಗ ‘ಆಯ್ತು, ನಿಮ್ದು?’ ಎಂಬಲ್ಲಿಗೆ ಮಾತು ಮುಗಿಯುತ್ತದೆ, ಅದಕ್ಕಿಂತ ಹೆಚ್ಚು ಹೇಳಿದರೆ ಕೇಳಿದವರಿಗೇ ಮುಜುಗರ. ಗೆಳೆಯರ ಗುಂಪಿನಲ್ಲಾದರೋ ಬರೀ ‘ಆಯ್ತು’ ಎಂದವನನ್ನು ಯಾರೂ ಬಿಡುವುದಿಲ್ಲ. ಏನು ಸಾರು, ಯಾರು ಮಾಡಿದ್ದು, ನಿನ್ನೆಯದನ್ನೇ ಬಿಸಿ ಮಾಡಿದ್ದೋ ಎಂಬ ತನಕ ವಿಚಾರಣೆ ನಡೆಯುತ್ತದೆ. ಸ್ನೇಹ ಎಷ್ಟು ಹತ್ತಿರದ್ದೆಂಬುದನ್ನು ಅಳೆಯಬೇಕಾದರೆ ಈ ವಿವರದ ಮಟ್ಟವನ್ನು ನೋಡಿದರೂ ಸಾಕು.

ಬೆಂಗಳೂರಿನ ಹಳೆಯ ಸಹಪಾಠಿಗಳ ಗುಂಪೊಂದರಲ್ಲಿ ಜನವರಿಯ ಶನಿವಾರ ಬೆಳಿಗ್ಗೆ ನಡೆಯಬಹುದಾದ ಮಾತನ್ನು ಕಲ್ಪಿಸಿಕೊಂಡರೆ ಇದರ ನಡೆ ಸ್ಪಷ್ಟವಾಗುತ್ತದೆ. ಒಬ್ಬರು ‘ಎದ್ರೇನ್ರೋ’ ಎನ್ನುತ್ತಾರೆ. ಇನ್ನೊಬ್ಬರು ಅವರೆಕಾಳು ಉಪ್ಪಿಟ್ಟಿನ ಫೋಟೊ ಹಾಕುತ್ತಾರೆ. ‘ಕಾಳು ಎಲ್ಲಿ, ಬರೀ ರವೆ ಕಾಣ್ತಿದೆ’ ಎಂಬ ಟೀಕೆ ಬರುತ್ತದೆ. ಅಷ್ಟರಲ್ಲಿ ಮೂರನೆಯವರು, ರಾತ್ರಿ ನೆನೆಹಾಕಿದ ಒಂದು ಪಾತ್ರೆ ಅವರೆಕಾಳನ್ನು ಮುಂದಿಟ್ಟುಕೊಂಡು ಹಿತಕಲು ಕೂತಿರುವುದಾಗಿ ಘೋಷಿಸುತ್ತಾರೆ. ಹಿತಕಿದಬೇಳೆ ಸಾರಿಗೆ ಒಂದೊಂದೇ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ, ಸಿಪ್ಪೆ ಕೈಯಲ್ಲುಳಿದು ಬೇಳೆ ಪಾತ್ರೆಗೆ ಜಾರುವಂತೆ ಮಾಡಬೇಕಾದ್ದರಿಂದ ಅದು ಬೇಗ ಮುಗಿಯುವ ಕೆಲಸವಲ್ಲ. ಹಿಂದೆ ಮನೆಮಂದಿಯೆಲ್ಲ ಸುತ್ತ ಕೂತು ಮಾತಾಡುತ್ತ ಮುಗಿಸುತ್ತಿದ್ದದ್ದನ್ನು ಈಗ ಫ್ಲ್ಯಾಟಿನ ಅಡುಗೆಮನೆಯಲ್ಲಿ ಒಬ್ಬರೇ ಮಾಡಬೇಕಾಗಿದೆ. ಎರಡೂ ಕೈಗೆ ಸೊಗಡು ಹತ್ತಿರುವುದರಿಂದ ಅವರ ಉಳಿದ ಮಾತೆಲ್ಲ ವಾಯ್ಸ್ ಮೆಸೇಜಿನಲ್ಲಿ ಬರುತ್ತದೆ, ಹಿನ್ನೆಲೆಯಲ್ಲಿ ಕುಕ್ಕರ್ ಕೂಗುತ್ತದೆ, ಅದಕ್ಕೂ ಒಬ್ಬರು ‘ಮೂರಾಯ್ತು, ಆರಿಸು’ ಎಂದು ಉತ್ತರ ಬರೆಯುತ್ತಾರೆ.

ಎದುರಾಬದುರಾ ಕೂತ ಮಾತಿನ ಕ್ರಮ ಹೀಗಿರುವುದಿಲ್ಲ. ಹಾರ್ವೆ ಸ್ಯಾಕ್ಸ್, ಇಮ್ಯಾನುಯೆಲ್ ಶೆಗ್ಲಾಫ್, ಗೇಲ್ ಜೆಫರ್ಸನ್ ಎಂಬ ಮೂವರು ಸಮಾಜವಿಜ್ಞಾನಿಗಳು 1974ರ ಪ್ರಸಿದ್ಧ ಲೇಖನವೊಂದರಲ್ಲಿ ತೋರಿಸಿಕೊಟ್ಟಂತೆ, ಮಾತುಕತೆಯು ಸರದಿಗಳಿಂದ ಕಟ್ಟಿದ್ದು. ಸಾಮಾನ್ಯವಾಗಿ ಒಂದು ಸಮಯಕ್ಕೆ ಒಬ್ಬರು ಆಡುತ್ತಾರೆ, ಒಬ್ಬರ ಮಾತು ಎಲ್ಲಿ ಮುಗಿಯುತ್ತದೆಂಬುದನ್ನು ಕೇಳುವವರು ಮೊದಲೇ ಊಹಿಸಿ ಹೆಚ್ಚು ಬಿಡುವಿಲ್ಲದೆ ಮುಂದಿನ ಸರದಿಯನ್ನು ಹಿಡಿಯುತ್ತಾರೆ. ಬರೆದು ಕಳಿಸುವ ಮಾತಿನಲ್ಲಿ ಇನ್ನೊಬ್ಬರು ಏನು ಬರೆಯುತ್ತಿದ್ದಾರೆಂಬುದು ಕಾಣದ ಕಾರಣ ಸರದಿಗಳು ಒಂದರ ಮೇಲೊಂದು ಬೀಳುತ್ತವೆ: ಉಪ್ಪಿಟ್ಟಿನ ಟೀಕೆಗೆ ಬಂದ ಉತ್ತರ ಬಟ್ಟೆಯ ಮಷೀನಿನ ದೂರಿನ ಕೆಳಗೆ ಹೋಗಿ ಕೂರುತ್ತದೆ, ಮಧ್ಯಾಹ್ನ ಎದ್ದವರು ಬೆಳಗಿನ ಮಾತಿಗೆ ನಗುತ್ತಾರೆ. ಹಳೆಯ ಸಂದೇಶವನ್ನು ಬೆರಳಿನಿಂದ ಸರಿಸಿ, ಅದನ್ನೇ ಮೇಲಿಟ್ಟು ಉತ್ತರಿಸುವ ಸೌಲಭ್ಯ ಬಂದದ್ದು ಈ ಗೊಂದಲವನ್ನು ನಿವಾರಿಸುವುದಕ್ಕೇ. ಆದರೂ ಈ ಅವ್ಯವಸ್ಥೆಯಲ್ಲಿ ಒಂದು ಅನುಕೂಲವೂ ಅಡಗಿದೆ. ತಾನೇ ತಾನಾಗಿ ಕೂಡುವ ಮಾತಿನ ಗುಂಪು ಸುಮಾರು ನಾಲ್ಕು ಮಂದಿಯನ್ನು ದಾಟಿದರೆ ಎರಡಾಗಿ ಒಡೆಯುತ್ತದೆ ಎಂಬುದನ್ನು ಬ್ರಿಟಿಷ್ ವಿಜ್ಞಾನಿ ರಾಬಿನ್ ಡನ್‌ಬಾರ್ ಮತ್ತು ಅವರ ಸಂಗಡಿಗರು ಗಮನಿಸಿದ್ದಾರೆ. ಕೋತಿಗಳು ಒಂದರ ಮೈಯನ್ನು ಇನ್ನೊಂದು ಹೆಕ್ಕಿ ಸ್ನೇಹ ಉಳಿಸಿಕೊಳ್ಳುವ ಕೆಲಸವನ್ನೇ ಮನುಷ್ಯರಲ್ಲಿ ಹರಟೆ ಮಾಡುತ್ತದೆಂದು 1996ರ ತಮ್ಮ ಪುಸ್ತಕದಲ್ಲಿ ವಾದಿಸಿದವರೂ ಇವರೇ. ಬರಹದ ಹರಟೆಗೆ ಆ ನಾಲ್ಕರ ಕಟ್ಟು ಅಷ್ಟಾಗಿ ಇಲ್ಲ, ಏಕೆಂದರೆ ಎಂಟು ಮಂದಿ ಒಟ್ಟಿಗೆ ಬರೆದರೂ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಅಡ್ಡ ಬರುವುದಿಲ್ಲ.

ಇಂಥ ಮಾತಿಗೆ ಯಂತ್ರ ಒದಗಿಬಂದ ಚರಿತ್ರೆ ಈಗ ಅರ್ಧ ಶತಮಾನವನ್ನು ದಾಟಿದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಬೋಧನಾ ಕಂಪ್ಯೂಟರ್ ಜಾಲದಲ್ಲಿ 1973ರಲ್ಲಿ ಬಂದ ಟಾಕೊಮ್ಯಾಟಿಕ್, ಫಿನ್ಲೆಂಡಿನಲ್ಲಿ 1988ರಲ್ಲಿ ಹುಟ್ಟಿದ ಐಆರ್‌ಸಿ, 1998ರಿಂದ 2018ರವರೆಗೆ ಬಾಳಿದ ಯಾಹೂ ಮೆಸೆಂಜರ್ ಇವೆಲ್ಲ ಅದರ ಮೆಟ್ಟಿಲುಗಳು. 2009ರಲ್ಲಿ ಬಂದ ವಾಟ್ಸ್‌ಆ್ಯಪ್ ಮೊದಲಿಗೆ ಸಂದೇಶ ಕಳಿಸುವ ಸಾಧನವೇ ಆಗಿರಲಿಲ್ಲ. ಜಿಮ್‌ನಲ್ಲಿದ್ದೇನೆ, ಬ್ಯಾಟರಿ ಮುಗಿಯುತ್ತಿದೆ ಎಂಬಂಥ ಸಣ್ಣ ಸ್ಥಿತಿಸೂಚನೆಗಳನ್ನು ಪರಿಚಿತರಿಗೆ ತೋರಿಸುವುದಷ್ಟೇ ಅದರ ಉದ್ದೇಶವಾಗಿತ್ತು, ಜನರು ಅದನ್ನೇ ಮಾತಿಗೆ ಬಳಸತೊಡಗಿದ್ದರಿಂದ ಸಂದೇಶದ ಸೌಲಭ್ಯ ಅದೇ ವರ್ಷ ಸೇರಿತು. ಭಾರತದಲ್ಲಿ ಫೋಟೊ, ಧ್ವನಿ, ವಿಡಿಯೊಗಳೆಲ್ಲ ಲೆಕ್ಕವಿಲ್ಲದೆ ಹರಿಯತೊಡಗಿದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ.

ಕನ್ನಡದ ಮಟ್ಟಿಗೆ ಅದಕ್ಕೂ ಹಿಂದಿನ ಎಸ್‌ಎಂಎಸ್ ಕಾಲವನ್ನು ಇಲ್ಲಿ ನೆನೆಯಬೇಕು. ಇಂಗ್ಲಿಷ್ ಅಕ್ಷರದ ಒಂದು ಸಂದೇಶದಲ್ಲಿ 160 ಅಕ್ಷರಗಳು ಹಿಡಿಸುತ್ತಿದ್ದರೆ, ಲೋಕದ ಲಿಪಿಗಳಿಗೆಲ್ಲ ಸಂಕೇತ ಒದಗಿಸುವ ಯುನಿಕೋಡ್ ಪದ್ಧತಿಯಲ್ಲಿ ಬರೆದ ಸಂದೇಶಕ್ಕೆ 70 ಸಂಕೇತಗಳ ಮಿತಿ ಇತ್ತು, ಅದರಲ್ಲೂ ಗುಣಿತದ ಚಿಹ್ನೆ, ಒತ್ತಕ್ಷರಗಳು ಬೇರೆಬೇರೆಯಾಗಿ ಎಣಿಕೆಗೆ ಬರುತ್ತಿದ್ದವು. ‘ಊಟ ಆಯ್ತಾ?’ ಎಂಬಲ್ಲಿ ಕಣ್ಣಿಗೆ ಕಾಣುವುದು ನಾಲ್ಕೇ ಅಕ್ಷರ. ತೆರಪು, ಪ್ರಶ್ನಾರ್ಥಕಗಳೂ ಸೇರಿ ಯಂತ್ರದ ಲೆಕ್ಕಕ್ಕೆ ಅದು ಒಂಬತ್ತು. ಬಹಳಷ್ಟು ಫೋನುಗಳಲ್ಲಿ ಕನ್ನಡ ಮೂಡುತ್ತಲೇ ಇರಲಿಲ್ಲ, ಮೂಡಿದರೂ ಚೌಕಗಳಾಗಿ ಕಾಣುತ್ತಿತ್ತು. ಹೀಗೆ ಕನ್ನಡದ ಮಾತನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ರೂಢಿ ಬೇರೂರಿ, ಕೀಲಿಮಣೆಯ ಅಡ್ಡಿ ಹೋದ ಮೇಲೂ ಉಳಿದುಕೊಂಡಿತು. ಹಾಗೆ ಬರೆದದ್ದು ಗ್ರಂಥಭಾಷೆಯನ್ನು ಹೋಲುವುದಿಲ್ಲ. ‘ಹೋಗಕ್ಕಾಗಲ್ಲ’, ‘ಬರಂಗಿಲ್ಲ’, ‘ಎಂತ ಮಾಡುದು’ ಎಂದು ಮೈಸೂರಿನ, ಧಾರವಾಡದ, ಮಂಗಳೂರಿನ ಬಾಯಿಮಾತು ಇದ್ದಂತೆಯೇ ದಾಖಲಾಗುತ್ತದೆ. ಅಚ್ಚಿನ ಕನ್ನಡ ಕಥೆ ಕಾದಂಬರಿಗಳ ಸಂಭಾಷಣೆಯ ಆಚೆ ಹೆಚ್ಚು ಜಾಗ ಕೊಡದ ಈ ನುಡಿಗಳು ದಿನನಿತ್ಯ ಲಿಖಿತರೂಪ ಪಡೆಯುತ್ತಿರುವುದನ್ನು ಭಾಷಾವಿಜ್ಞಾನಿಗಳು ಇನ್ನಷ್ಟು ಗಂಭೀರವಾಗಿ ಪರಿಗಣಿಸಬೇಕಾಗಿದೆ.

ಇನ್ನು ವಾರಾಂತ್ಯದ ವಿಚಾರ. ಭಾನುವಾರದ ರಜೆ ಭಾರತದ ಕೂಲಿಕಾರರಿಗೆ ಸುಮ್ಮನೆ ಬಂದದ್ದಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರ ನೇತೃತ್ವದಲ್ಲಿ ಮುಂಬೈ ಗಿರಣಿ ಕಾರ್ಮಿಕರು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 1890ರಲ್ಲಿ ಮಾಲೀಕರು ಒಪ್ಪಿದ್ದು. ಶನಿವಾರದ ರಜೆಯಂತೂ ಇಂದಿಗೂ ಎಲ್ಲರದಲ್ಲ. ಸಾಫ್ಟ್‌ವೇರ್ ಕಂಪನಿಯ ನೌಕರರಿಗೆ ಸಾಮಾನ್ಯವಾಗಿ ಎರಡು ದಿನ ಬಿಡುವಿದ್ದರೆ, 2015ರ ಸೆಪ್ಟೆಂಬರಿನಿಂದ ಬ್ಯಾಂಕಿನವರಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಮಾತ್ರ ಬಿಡುವು, ಅಂಗಡಿ ನಡೆಸುವವರಿಗೆ ಭಾನುವಾರವೇ ವ್ಯಾಪಾರದ ದಿನ. ಕೊಲ್ಲಿಯಲ್ಲಿ ದುಡಿಯುವ ಕರಾವಳಿಯ ಗೆಳೆಯರನ್ನು ಸೇರಿಸಿಕೊಂಡರೆ ಲೆಕ್ಕ ಇನ್ನಷ್ಟು ತೊಡಕಾಗುತ್ತದೆ: ಕುವೈತ್, ಕತಾರ್‌ಗಳಲ್ಲಿ ಶುಕ್ರವಾರ ಶನಿವಾರ ರಜೆ, ದುಬೈ ಸೇರಿದ ಸಂಯುಕ್ತ ಅರಬ್ ಎಮಿರೇಟ್ಸ್ ಮಾತ್ರ 2022ರ ಜನವರಿಯಿಂದ ಸರ್ಕಾರಿ ವಾರಾಂತ್ಯವನ್ನು ಶನಿವಾರ ಭಾನುವಾರಕ್ಕೆ ಬದಲಿಸಿಕೊಂಡಿತು. ಕ್ಯಾಲಿಫೋರ್ನಿಯಾದಲ್ಲಿರುವವರಿಗೆ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆಯ ಅಂತರವಿರುವುದರಿಂದ, ಬೆಂಗಳೂರಿನ ಶನಿವಾರ ಬೆಳಿಗ್ಗೆ ಒಂಬತ್ತರ ಉಪ್ಪಿಟ್ಟು ಅಲ್ಲಿ ಶುಕ್ರವಾರ ಸಂಜೆ ಏಳೂವರೆಗೆ, ಆಫೀಸಿನಿಂದ ಬಂದು ಅಡುಗೆಗೆ ಏನಿದೆಯೆಂದು ಫ್ರಿಜ್ ತೆಗೆಯುವ ಹೊತ್ತಿಗೆ ತಲುಪುತ್ತದೆ. ಒಂದೇ ಹೊತ್ತಿನಲ್ಲಿ ಬಿಡುವಿರುವ ಐವರನ್ನು ಕೂಡಿಸುವುದು ಕಷ್ಟವೆನ್ನುವ ಇಂಥ ಸ್ಥಿತಿಯಲ್ಲಿ, ಬಿಡುವಾದವರು ಬಿಡುವಾದಾಗ ಬಂದು ಮಾತು ಸೇರಿಸಿ ಹೋಗುವ ಗುಂಪು ಬಿಟ್ಟರೆ ಬೇರೆ ಜಗಲಿ ಸಿಗುವಂತಿಲ್ಲ.

ವಾರಾಂತ್ಯವೆಂದರೆ ವಿಶ್ರಾಂತಿಯೆಂಬ ನಂಬಿಕೆಯನ್ನೂ ಈ ಮಾತುಕತೆ ಪದೇಪದೇ ಬಯಲಿಗೆಳೆಯುತ್ತದೆ. ರಾಷ್ಟ್ರೀಯ ಅಂಕಿಅಂಶ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರೆ ಗಂಡಸರು ಕೊಡುತ್ತಿದ್ದದ್ದು 97 ನಿಮಿಷ. ಅದೂ ಗಂಡಸರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಮಾತ್ರ ಆ ಕೆಲಸಕ್ಕೆ ಕೈಹಾಕಿದವರು. ಗೆಳತಿಯರ ಗುಂಪಿನ ಶನಿವಾರದಲ್ಲಿ ದೋಸೆಗೆ ರುಬ್ಬಿದ್ದು, ಮಕ್ಕಳ ಯೂನಿಫಾರ್ಮ್, ಕೆಲಸದವರು ಬರದೆ ಉಳಿದ ಪಾತ್ರೆ ಎಂದು ಪಟ್ಟಿ ಬೆಳೆಯುತ್ತ ಹೋಗುವಾಗ, ಗೆಳೆಯರ ಗುಂಪಿನಲ್ಲಿ ಒಬ್ಬ ಫ್ಯಾನ್ ಒರೆಸಿದ್ದಕ್ಕೆ ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂದು ಎರಡು ಫೋಟೊ ಬರುವುದನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಕು. ಅಡುಗೆಮನೆಯ ಮಾತನ್ನು ಕಾಡುಹರಟೆಯೆಂದು ಹಳಿಯುವವರಲ್ಲಿ ಆ ಕೆಲಸವನ್ನು ಮಾಡದೆ ಉಂಡವರೇ ಹೆಚ್ಚೆಂದರೆ ತಪ್ಪಾಗಲಾರದು. ಯಾರೂ ಲೆಕ್ಕವಿಡದ ದುಡಿಮೆಯನ್ನು ಇನ್ನೊಬ್ಬರು ಕಂಡರೆಂಬ ಸಮಾಧಾನ ಸಿಗುವುದು ಇಂಥ ಮಾತಿನಲ್ಲೇ.

ಭಾನುವಾರದ ಪ್ಲಾನುಗಳ ಗತಿ ಎಲ್ಲರಿಗೂ ತಿಳಿದದ್ದೇ. ಬಿಡದಿಗೆ ಹೋಗಿ ತಟ್ಟೆ ಇಡ್ಲಿ ತಿನ್ನುವ ಪ್ರಸ್ತಾಪ ಶುಕ್ರವಾರ ರಾತ್ರಿ ಹುಟ್ಟುತ್ತದೆ, ಗುಂಪಿನೊಳಗೇ ಮತ ಹಾಕುವ ಸೌಲಭ್ಯ 2022ರಲ್ಲಿ ಬಂದ ಮೇಲೆ ಅದಕ್ಕೆ ಚುನಾವಣೆಯೂ ನಡೆಯುತ್ತದೆ, ಎಲ್ಲರೂ ‘ನಾ ರೆಡಿ’ ಎನ್ನುತ್ತಾರೆ, ಭಾನುವಾರ ಬೆಳಿಗ್ಗೆ ಒಬ್ಬೊಬ್ಬರಾಗಿ ಕಾರಣ ಕೊಟ್ಟು ಕೊನೆಗೆ ಇಬ್ಬರು ಹೋಗಿ ಬಂದು ಫೋಟೊ ಹಾಕುತ್ತಾರೆ. ಇದನ್ನು ವಿಫಲವೆನ್ನುವುದು ಸರಿಯಲ್ಲ, ಏಕೆಂದರೆ ಯಾವ ಕಾರಿನಲ್ಲಿ, ಎಷ್ಟು ಹೊತ್ತಿಗೆ, ಬೆಣ್ಣೆ ಹಾಕಿಸುವುದೋ ಬೇಡವೋ ಎಂಬ ಎರಡು ದಿನಗಳ ವಾದದಲ್ಲೇ ಕೂಡುವಿಕೆಯ ಬಹುಪಾಲು ನಡೆದುಹೋಗಿರುತ್ತದೆ; ಬರಲಾಗದವರೂ ಅದರಲ್ಲಿ ಪಾಲ್ಗೊಂಡಿರುತ್ತಾರೆ. ದಿನವೂ ತಿಂಡಿಯ ಮಾತಾಡುತ್ತ ಬಾಗಿಲು ತೆರೆದಿಟ್ಟುಕೊಂಡವರಿಗೆ ಆಸ್ಪತ್ರೆಯ, ಸಾಲದ, ಕೆಲಸ ಹೋದ ಸುದ್ದಿಯನ್ನು ಹೇಳಬೇಕಾಗಿ ಬಂದಾಗ ಪೀಠಿಕೆ ಬೇಕಾಗುವುದಿಲ್ಲ, ವರ್ಷಗಳ ಮೌನದ ನಂತರ ಅಂಥದ್ದನ್ನು ಹೇಳುವುದು ಎಷ್ಟು ಕಷ್ಟವೆಂಬುದು ಪ್ರಯತ್ನಿಸಿದವರಿಗೆ ಗೊತ್ತು. ಮೌನವೂ ಇಲ್ಲಿ ಒಂದು ಸೂಚನೆಯೇ: ಎಲ್ಲದಕ್ಕೂ ಮೂಗು ತೂರಿಸುವವನು ಎರಡು ದಿನ ಉಪ್ಪಿಟ್ಟಿಗೆ ಏನೂ ಅನ್ನದಿದ್ದರೆ ಯಾರಾದರೊಬ್ಬರು ಫೋನ್ ಮಾಡುತ್ತಾರೆ.

ಜಗಲಿಯ ಮಾತು ಗಾಳಿಗೆ ಹೋಗುತ್ತಿತ್ತು, ಗುಂಪಿನ ಮಾತು ಉಳಿಯುತ್ತದೆ. ನಿಗದಿತ ಅವಧಿಯ ನಂತರ ಸಂದೇಶಗಳು ತಾವೇ ಅಳಿಯುವ ವ್ಯವಸ್ಥೆಯನ್ನು ವಾಟ್ಸ್‌ಆ್ಯಪ್ 2020ರಲ್ಲಿ ತಂದಿತಾದರೂ, ಮಾವಿನಕಾಯಿ ಗೊಜ್ಜಿನ ಅಳತೆ, ನಲ್ಲಿ ರಿಪೇರಿಯವರ ನಂಬರು ಇರುವ ಗುಂಪಿನಲ್ಲಿ ಅದನ್ನು ಚಾಲೂ ಮಾಡುವುದು ಜಾಣತನವಲ್ಲ. ಉಳಿದದ್ದು ಬೇಕಾದಾಗ ಸಿಗುತ್ತದೆಂದೇನೂ ಇಲ್ಲ. ರೋಮನ್ ಅಕ್ಷರದ ಕನ್ನಡಕ್ಕೆ ಒಪ್ಪಿತ ಕಾಗುಣಿತವಿಲ್ಲದ್ದರಿಂದ ಗೊಜ್ಜನ್ನು ಒಬ್ಬರು ಒಂದು ಜೆ ಹಾಕಿ, ಇನ್ನೊಬ್ಬರು ಎರಡು ಹಾಕಿ, ಮತ್ತೊಬ್ಬರು ಕೊನೆಯ ಸ್ವರವನ್ನೇ ನುಂಗಿ ಬರೆದಿರುತ್ತಾರೆ. ಯಂತ್ರವು ಬರೆದದ್ದನ್ನು ಬರೆದಂತೆಯೇ ಹುಡುಕುವುದರಿಂದ ಹೋದ ವರ್ಷದ ಅಳತೆ ಕೈಗೆ ಸಿಗದೆ, ಮಾವಿನಕಾಯಿಯ ಕಾಲ ಬಂದಾಗ ‘ಲೇ, ಬೆಲ್ಲ ಎಷ್ಟು ಹಾಕೋದು’ ಎಂದು ಗುಂಪಿನಲ್ಲಿ ಮತ್ತೆ ಕೇಳಬೇಕಾಗುತ್ತದೆ, ಹಿಂದಿನ ವರ್ಷ ಹೇಳಿದವರೇ ಈ ಸಲ ಬೇರೆ ಅಳತೆ ಹೇಳುತ್ತಾರೆ.